ನಾನು ಹಾಡದ ಹಾಡು

ಹಾರನಹಳ್ಳಿಯಲ್ಲಿ ಗಣೇಶನ ಕಾರ್ಯಕ್ರಮ. ನಮ್ಮ ತಂಡದ ಸ್ವಂತ ಹಾಡಿನ ಎರಡನೇ ಚರಣಕ್ಕೆ ಬಂದಿದ್ದೆ. ಅಲ್ಲಿ ಒಂದು ಕಡೆ ದನಿ ಮೇಲಿನ ಗಾಂಧಾರಕ್ಕೆ ಹತ್ತಿ, ಸ್ವಲ್ಪ ಹೊತ್ತು ಅಲ್ಲೇ ನಿಂತು, ಆಮೇಲೆ ನಿಧಾನಕ್ಕೆ ಇಳಿಯಬೇಕು. ಜನ ಶಿಳ್ಳೆ ಹಾಕುವ ಜಾಗ ಅದು. ಅವತ್ತು ಬಾಯಿ ತೆರೆದೆ, ಉಸಿರು ಹೊರಟಿತು, ಸ್ವರ ಮಾತ್ರ ಬರಲಿಲ್ಲ. ಮೆಟ್ಟಿಲಿದೆ ಅಂತ ಕತ್ತಲಲ್ಲಿ ಕಾಲಿಟ್ಟವಳಿಗೆ ಕೆಳಗೆ ಏನೂ ಸಿಗದ ಹಾಗಾಯಿತು.

ನನ್ನ ಎಡಗಡೆ ನಿಂತಿದ್ದ ಎರಡನೇ ಗಾಯಕಿ ತಕ್ಷಣ ಆ ಸ್ವರವನ್ನು ಎತ್ತಿಕೊಂಡಳು. ಅವಳು ಅದೇ ಹಾರನಹಳ್ಳಿಯವಳು. ಊರವರು, ತಮ್ಮ ಹುಡುಗಿಗೆ ನಾನೇ ಒಂದು ಸಾಲು ಬಿಟ್ಟುಕೊಟ್ಟೆ ಅಂದುಕೊಂಡು ಇನ್ನೂ ಜೋರಾಗಿ ಶಿಳ್ಳೆ ಹಾಕಿದರು. ನಾನು ನಕ್ಕು ಅವಳ ಕಡೆ ಕೈ ತೋರಿಸಿದೆ.

ನಮ್ಮದು ಅರಸೀಕೆರೆಯ ಹುಡುಗಿಯರ ತಂಡ. ಒಟ್ಟು ಐದು ಜನ. ಕೀಬೋರ್ಡ್ ನುಡಿಸುವವರೇ ತಂಡ ಕಟ್ಟಿದವರು. ಹಿಂದೆ ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದರಿಂದ ನಾವೆಲ್ಲ ಅವರನ್ನು ಟೀಚರ್ ಅಂತಲೇ ಕರೆಯುತ್ತಿದ್ದೆವು. ಗಿಟಾರಿಗೆ ಒಬ್ಬಳು, ರಿದಮ್ ಪ್ಯಾಡಿಗೆ ಒಬ್ಬಳು, ಜೊತೆಗೆ ಹಾಡಲು ಆ ಹಾರನಹಳ್ಳಿ ಹುಡುಗಿ. ನಡುವೆ ನಿಂತು ಹಾಡುವವಳು ನಾನು. ಪೋಸ್ಟರಿನಲ್ಲಿ ಎಲ್ಲರ ಫೋಟೋ ಇದ್ದರೂ ನನ್ನದು ದೊಡ್ಡದಾಗಿರುತ್ತಿತ್ತು. ಗಣೇಶನನ್ನು ಕೂರಿಸಿದಲ್ಲಿಂದ ರಾಜ್ಯೋತ್ಸವ ಮುಗಿಯುವವರೆಗೂ ನಮಗೆ ಬಿಡುವಿರುತ್ತಿರಲಿಲ್ಲ.

ಮಾರನೇ ದಿನದ ಅಭ್ಯಾಸದಲ್ಲಿ ಟೀಚರ್ ಕೀಬೋರ್ಡಿನ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಹಾಡನ್ನು ಅರ್ಧ ಸ್ವರ ಇಳಿಸಿದರು. ಡಿ ಸ್ಕೇಲಿನ ಹಾಡು ಸಿ ಶಾರ್ಪಿಗೆ ಬಂತು. ಗಾಂಧಾರ ಸಿಕ್ಕಿತು, ಆದರೆ ಅದರ ಅಂಚು ಸವೆದಿತ್ತು. ವಾರದೊಳಗೆ ಸಿ. ಆಮೇಲೆ ಬಿ. ಇಲ್ಲಿ ಇನ್ನೊಂದು ತೊಡಕು ಶುರುವಾಯಿತು. ಮೇಲಿನದನ್ನು ಉಳಿಸಿಕೊಳ್ಳಲು ಶ್ರುತಿ ಇಳಿಸಿದರೆ ಪಲ್ಲವಿಯ ಕೆಳಗಿನ ಪಂಚಮ ನನ್ನ ದನಿಗೆ ನಿಲುಕುತ್ತಿರಲಿಲ್ಲ, ಅಲ್ಲಿ ಬರೀ ಗಾಳಿ ಬರುತ್ತಿತ್ತು. ಎರಡು ಕಡೆಯಿಂದ ಗೋಡೆ ಹತ್ತಿರ ಬರುತ್ತಿರುವ ಕೋಣೆಯಲ್ಲಿ ನಿಂತಂತಿತ್ತು. ಬಿಸಿನೀರಿನ ಹಬೆ ತೆಗೆದುಕೊಂಡೆ, ಜ್ಯೇಷ್ಠಮಧು ಅಗಿದೆ, ಹಗಲೆಲ್ಲ ಪಿಸುಮಾತಿನಲ್ಲೇ ಕಳೆದೆ. ಪಿಸುಮಾತು ಗಂಟಲಿಗೆ ವಿಶ್ರಾಂತಿ ಅಂತ ನಂಬಿದ್ದೆ.

ಹಗರೆಯಲ್ಲಿ ಒಂದು ಹಾಲಿನ ಸಂಘದ ಕಾರ್ಯಕ್ರಮ. ಸಂಜೆ ಹಾಲು ಹಾಕಿದವರು ಕ್ಯಾನು ಕೈಯಲ್ಲೇ ಹಿಡಿದು ಬಂದು ಕೂತಿದ್ದರು. ಮೂರನೇ ಹಾಡಿನಲ್ಲಿ ಒಂದು ದೀರ್ಘ ಷಡ್ಜ ಹಿಡಿದಿದ್ದೆ. ಎದುರಿನ ಮಾನಿಟರ್ ಸ್ಪೀಕರಿನಿಂದ ಇಬ್ಬರು ಹಾಡುತ್ತಿರುವುದು ಕೇಳಿಸಿತು. ಒಂದು ನನ್ನ ದನಿ. ಇನ್ನೊಂದು ಅದಕ್ಕಿಂತ ಕೆಳಗೆ, ಒರಟಾಗಿ, ಅದರ ಜೊತೆಗೇ ಎಳೆಯುತ್ತಿತ್ತು. ಎರಡನೇ ಗಾಯಕಿ ಏನೋ ಸೇರಿಸುತ್ತಿದ್ದಾಳೆ ಅಂತ ತಿರುಗಿ ನೋಡಿದೆ. ಅವಳು ಬಾಯಿ ಮುಚ್ಚಿಕೊಂಡು, ಕಣ್ಣು ಅಗಲಿಸಿ ನನ್ನನ್ನೇ ನೋಡುತ್ತಿದ್ದಳು. ಎರಡೂ ನನ್ನ ಗಂಟಲಿನಿಂದಲೇ ಬರುತ್ತಿದ್ದವು.

ಮಾರನೇ ಬೆಳಿಗ್ಗೆ ಹಾಸನಕ್ಕೆ ಹೋದೆ. ಗಂಟಲಿನ ಡಾಕ್ಟರಮ್ಮ ಸಣ್ಣ ಕ್ಯಾಮೆರಾ ಇರುವ ಕೊಳವೆಯನ್ನು ಮೂಗಿನಿಂದ ಒಳಗೆ ಬಿಟ್ಟು "ಈ... ಅನ್ನಿ" ಅಂದರು. ಪರದೆಯ ಮೇಲೆ ಎರಡು ಬಿಳಿ ಪಟ್ಟಿಗಳು ಹತ್ತಿರ ಬಂದವು, ಪೂರ್ತಿ ಕೂಡಲಿಲ್ಲ. ಒಂದರ ಅಂಚಿನಲ್ಲಿ ದಾಳಿಂಬೆ ಕಾಳಿನಂಥದ್ದು ಅಡ್ಡ ಕೂತಿತ್ತು.

"ಇವೇ ನಿಮ್ಮ ಧ್ವನಿತಂತುಗಳು. ಅಲ್ಲಿ ಕೆಂಪಗೆ ಕಾಣ್ತಿದೆಯಲ್ಲ, ಅದು ರಕ್ತ ತುಂಬಿರೋ ಗುಳ್ಳೆ," ಅಂದರು. "ಇವತ್ತಿಂದ ಮಾತು ಬೇಡ. ಪಿಸುಮಾತಂತೂ ಬೇಡವೇ ಬೇಡ, ಅದು ಇನ್ನೂ ಕೆಟ್ಟದ್ದು. ಔಷಧಿ ಕೊಡ್ತೀನಿ. ಕುಗ್ಗದೇ ಇದ್ರೆ ಆಪರೇಷನ್ ಮಾಡೋಣ."

"ಈ ಸೀಸನ್ ಒಂದು ಮುಗಿಸಿಬಿಟ್ರೆ?"

"ಹಾಡ್ತಾ ಹಾಡ್ತಾ ಒಡೆದು ಅಲ್ಲಿ ಕಲೆ ಕಟ್ಟಿತು ಅಂದ್ರೆ ಆಮೇಲೆ ನನ್ನ ಕೈಲೂ ಏನೂ ಆಗಲ್ಲಮ್ಮ."

ಬಸ್ಸಿನಲ್ಲಿ ವಾಪಸು ಬರುವಾಗ ಕಂಡಕ್ಟರ್ ಎಲ್ಲಿಗೆ ಅಂತ ಕೇಳಿದರು. ಫೋನಿನಲ್ಲಿ "ಅರಸೀಕೆರೆ" ಅಂತ ಟೈಪ್ ಮಾಡಿ ತೋರಿಸಿದೆ. ಅವರು ಪಾಪ ಅನ್ನುವ ಹಾಗೆ ನೋಡಿ, ಕಿಟಕಿ ಪಕ್ಕದ ಸೀಟು ಬಿಡಿಸಿಕೊಟ್ಟರು.

ಮನೆಯಲ್ಲಿ ನಾನು ಮತ್ತು ಅಮ್ಮ. ಅಪ್ಪ ತೀರಿಕೊಂಡ ಮೇಲೆ ಕೊಬ್ಬರಿ ವ್ಯಾಪಾರ ಚಿಕ್ಕಪ್ಪನ ಕೈಗೆ ಹೋಯಿತು, ಮನೆ ನಮಗೆ ಉಳಿಯಿತು. ನಾನು ಮಾತು ಬಿಟ್ಟದ್ದಕ್ಕೆ ಅಮ್ಮ ತನ್ನದೇ ಪರಿಹಾರ ಹುಡುಕಿಕೊಂಡಳು. ನನ್ನ ಪಾಲಿನದನ್ನೂ ತಾನೇ ಆಡತೊಡಗಿದಳು. "ಉಪ್ಪು ಜಾಸ್ತಿ ಆಗೈತೆ ಅಂತೀಯ? ಇಲ್ಲ, ಸರಿಯಾಗೈತೆ ಬಿಡು." ನಾನು ತಲೆಯಾಡಿಸುತ್ತಿದ್ದೆ.

ವಿಷಯ ತಿಳಿದು ಟೀಚರ್ ಮನೆಗೆ ಬಂದರು. ಜೊತೆಗೆ ನಮ್ಮ ಸೌಂಡಿನವನೂ ಬಂದಿದ್ದ. ಬೇಲೂರಿನವನು, ಒಂದೆರಡು ವರ್ಷದಿಂದ ನಮ್ಮ ಮಿಕ್ಸರ್ ನೋಡಿಕೊಳ್ಳುತ್ತಿದ್ದ. ಕೆಲಸದಲ್ಲಿ ಚುರುಕು. ಮೈಕು ಕಿರುಚಿದರೆ ನಾವು ತಿರುಗಿ ನೋಡುವುದರೊಳಗೆ ಸರಿಮಾಡುತ್ತಿದ್ದ.

"ಒಪ್ಪಿಕೊಂಡಿರೋ ಕಾರ್ಯಕ್ರಮ ಎಲ್ಲಾ ಕ್ಯಾನ್ಸಲ್ ಮಾಡಿದ್ರೆ ಮುಂದಿನ ವರ್ಷ ನಮ್ಮನ್ನ ಯಾರೂ ಕರೆಯಲ್ಲ ಕಣೇ," ಅಂದರು ಟೀಚರ್. "ಐದು ಜನದ ಹೆಸರು ಇದು. ನೀನು ಹಾಡೋದು ಬೇಡ. ಸುಮ್ನೆ ನಡುವೆ ನಿಂತ್ಕೋ, ಬಾಯಾಡಿಸು. ಟ್ರ್ಯಾಕ್ ಇವನು ನೋಡ್ಕೊತಾನೆ."

"ಯಾವ ಟ್ರ್ಯಾಕ್?" ಅಂತ ಟೈಪ್ ಮಾಡಿದೆ.

"ಎಲ್ಲಾ ಪ್ರೋಗ್ರಾಮಲ್ಲೂ ನಿಮ್ ಮೈಕಿನ ಚಾನೆಲ್ ಬೇರೆಯಾಗೇ ರೆಕಾರ್ಡ್ ಮಾಡಿಟ್ಟಿದೀನಿ ಮೇಡಂ," ಅಂದ ಸೌಂಡಿನವನು. "ನಿಮ್ಮದೇ ವಾಯ್ಸು. ಯಾರ್ಗೂ ಗೊತ್ತಾಗಲ್ಲ."

ನಾನೇ ಹಿಂದೆ ಹಾಡಿದ್ದನ್ನು ನಾನೇ ನಿಂತು ಅಭಿನಯಿಸುವುದು. ಇಷ್ಟವಾಗಲಿಲ್ಲ, ಹಾಗಂತ ದೊಡ್ಡ ಮೋಸ ಅಂತಲೂ ಅನ್ನಿಸಲಿಲ್ಲ. ತಲೆಯಾಡಿಸಿದೆ.

ಬಾಯಾಡಿಸುವುದೂ ಒಂದು ಕೆಲಸವೇ. ಕನ್ನಡಿ ಮುಂದೆ ಅಭ್ಯಾಸ ಮಾಡಿದೆ. ತುಟಿ ಸರಿಯಾಗಿ ಕೂಡಿದರೆ ಸಾಲದು, ಸಾಲಿಗೆ ಮುಂಚೆ ಎದೆ ಏರಬೇಕು, ಎತ್ತರದ ಸ್ವರಕ್ಕೆ ಕತ್ತಿನ ನರ ಬಿಗಿಯಬೇಕು. ಇಲ್ಲದಿದ್ದರೆ ಮುಂದಿನ ಸಾಲಿನಲ್ಲಿ ಕೂತವರಿಗೆ ಯಾಕೆ ಅಂತ ತಿಳಿಯದಿದ್ದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ. ನನ್ನ ಕಾರ್ಡ್‌ಲೆಸ್ ಮೈಕಿನ ದನಿಯನ್ನು ಮಿಕ್ಸರಿನಲ್ಲಿ ಬಂದ್ ಮಾಡಿಡುವುದು, ಟ್ರ್ಯಾಕಿನ ತಾಳಕ್ಕೆ ರಿದಮ್ ಪ್ಯಾಡಿನ ಹುಡುಗಿ ಇಯರ್‌ಫೋನಿನಲ್ಲಿ ಕೇಳಿಕೊಂಡು ನುಡಿಸುವುದು, ಉಳಿದವರು ಅವಳನ್ನು ಹಿಂಬಾಲಿಸುವುದು ಅಂತ ಆಯಿತು. ಎರಡನೇ ಗಾಯಕಿಯ ಮೈಕು ಮಾತ್ರ ನಿಜವಾಗಿ ತೆರೆದಿರುತ್ತಿತ್ತು, ಅವಳ ಕೋರಸ್ಸಿಗೆ.

ಬೇಲೂರಿನ ಒಂದು ಕಾಲೇಜಿನ ಸಭಾಂಗಣದಲ್ಲಿ ಮೊದಲ ಸಲ ಹಾಗೆ ನಿಂತೆ. ಟ್ರ್ಯಾಕ್ ಶುರುವಾಯಿತು. ನನ್ನ ದನಿ, ಅದೂ ಆರೋಗ್ಯವಾಗಿದ್ದಾಗಿನ ದನಿ, ಹೆಗಲ ಹಿಂದಿನಿಂದ ಹೊರಟು ಸಭಾಂಗಣ ತುಂಬಿತು. ಕಳೆದುಹೋಗಿದ್ದ ಗಾಂಧಾರ ಅದಕ್ಕೆ ಸಲೀಸಾಗಿ ಸಿಕ್ಕಿತು. ಹುಡುಗಿಯರು ಕಿರುಚಿದರು. ಅದರ ಮುಂದೆ ಕತ್ತಿನ ನರ ಬಿಗಿದು ನಿಂತಿದ್ದ ನಾನು ಉಸಿರಿನ ಸದ್ದಿಗಾಗಿ ಕಿವಿಗೊಟ್ಟೆ. ಹಳೆಯ ರೆಕಾರ್ಡಿಂಗ್ ಆಗಿದ್ದರೆ ಸಾಲುಗಳ ನಡುವೆ ನಾನು ಉಸಿರೆಳೆದುಕೊಳ್ಳುವುದು ಕೇಳಿಸಬೇಕಿತ್ತು. ಈ ದನಿ ಎಲ್ಲೂ ಉಸಿರು ತೆಗೆದುಕೊಳ್ಳುತ್ತಿರಲಿಲ್ಲ.

ನಾಲ್ಕನೇ ಹಾಡು ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗಿಯರು ಆಗಷ್ಟೇ ಎಲ್ಲರ ಫೋನಿನಲ್ಲೂ ಓಡುತ್ತಿದ್ದ ಒಂದು ಹೊಸ ಸಿನಿಮಾ ಹಾಡು ಬೇಕೆಂದು ಕೂಗಿದರು. ನಾವು ಅದನ್ನು ಅಭ್ಯಾಸ ಮಾಡಿರಲಿಲ್ಲ. ಸಾಹಿತ್ಯವೂ ನನಗೆ ಬರುತ್ತಿರಲಿಲ್ಲ. ಆಗಲ್ಲ ಅಂತ ಕೈಯಾಡಿಸುತ್ತ ಟೀಚರ್ ಕಡೆ ತಿರುಗಿದೆ. ಅವರು ಸೌಂಡಿನವನ ಕಡೆ ನೋಡಿ, ಹಾಕು ಅನ್ನುವ ಹಾಗೆ ತಲೆಯಾಡಿಸಿದರು. ಸ್ಪೀಕರಿನಿಂದ ಹಾಡಿನ ಆರಂಭದ ವಾದ್ಯಸಂಗೀತ, ಬಿಜಿಎಂ, ಶುರುವಾಯಿತು. ಆಮೇಲೆ ನಾನು ಹಾಡತೊಡಗಿದೆ.

ನಾನಲ್ಲ, ಅದು. ನಾನು ಯಾವತ್ತೂ ಹಾಡದ ಹಾಡನ್ನು ನನ್ನ ದನಿ ಹಾಡುತ್ತಿತ್ತು. ಮೊದಲ ಸಾಲು ಕಳೆದ ಮೇಲೆ ನನಗೆ ಎಚ್ಚರವಾಯಿತು. ಮೈಕನ್ನು ತುಟಿಗೆ ಒತ್ತಿ ಹಿಡಿದು ಬಾಯಿ ಮರೆಮಾಡಿದೆ, ಪಕ್ಕಕ್ಕೆ ತಿರುಗಿದೆ, ಕೂದಲು ಮುಖಕ್ಕೆ ಬೀಳಲು ಬಿಟ್ಟೆ. ಮುಂದಿನ ಪದ ಏನು ಅಂತ ಗೊತ್ತಿಲ್ಲದೆ, ನನ್ನದೇ ದನಿಯ ಹಿಂದೆ ಅರ್ಧ ಕ್ಷಣ ತಡವಾಗಿ ತುಟಿಯಾಡಿಸುತ್ತ ಆ ಹಾಡು ಮುಗಿಸಿದೆ. ಚರಣದಲ್ಲಿ "ಹೂವಿನ" ಅಂತ ಬರುವ ಕಡೆ ನನ್ನ ದನಿ "ಊವಿನ" ಅಂದಿತು. ಜನ ಎದ್ದು ನಿಂತು ಕುಣಿಯುತ್ತಿದ್ದರು, ಯಾರೂ ಗಮನಿಸಲಿಲ್ಲ.

ನಮ್ಮ ತಂಡದಲ್ಲಿ ಹಾಡುವಾಗ ಹಕಾರ ನುಂಗುವವಳು ಒಬ್ಬಳೇ. ಎಡಗಡೆಗೆ ನೋಡಿದೆ. ಎರಡನೇ ಗಾಯಕಿ ತಲೆ ತಗ್ಗಿಸಿ ನಿಂತಿದ್ದಳು.

ಸಾಮಾನು ಕಟ್ಟುವಾಗ ಸೌಂಡಿನವನ ಮುಂದೆ ಹೋಗಿ ನಿಂತು ಫೋನು ಹಿಡಿದೆ. "ಅದು ಯಾರು ಹಾಡಿದ್ದು?"

ಅವನಿಗೆ ಮುಚ್ಚಿಡಬೇಕು ಅನ್ನಿಸಲೇ ಇಲ್ಲ. ಲ್ಯಾಪ್‌ಟಾಪ್ ತೆರೆದು ಉತ್ಸಾಹದಿಂದ ವಿವರಿಸಿದ. ನನ್ನ ಮೈಕಿನ ರೆಕಾರ್ಡಿಂಗ್‌ಗಳನ್ನೆಲ್ಲ ಒಂದು ಸಾಫ್ಟ್‌ವೇರಿಗೆ ಕೊಟ್ಟಿದ್ದ. ಅದು ನನ್ನ ದನಿಯನ್ನು ಕಲಿತುಕೊಂಡಿತ್ತು. ಈಗ ಯಾರು ಏನು ಹಾಡಿ ಕೊಟ್ಟರೂ ಅದರ ಮೇಲೆ ನನ್ನ ದನಿ ಹೊದಿಸುತ್ತಿತ್ತು. ಎರಡನೇ ಗಾಯಕಿಯನ್ನು ಬೇಲೂರಿನ ತನ್ನ ರೂಮಿಗೆ ಕರೆಸಿಕೊಂಡು, ಟೀಚರ್ ಎದುರಿಗೇ ಎಲ್ಲ ಹಾಡನ್ನೂ ಹಾಡಿಸಿಕೊಂಡಿದ್ದ. ಆ ಹೊಸ ಹಾಡನ್ನೂ ಕೇಳಿಯೇ ಕೇಳುತ್ತಾರೆ ಅಂತ ಮೊದಲೇ ಸಿದ್ಧ ಮಾಡಿಟ್ಟಿದ್ದ.

"ಹಾಡೇ ಆಗ್ಬೇಕು ಅಂತಿಲ್ಲ ಮೇಡಂ, ಮಾತೂ ಆಗುತ್ತೆ. ನೋಡಿ." ತಾನೇ ಮೈಕಿನಲ್ಲಿ ಏನೋ ಹೇಳಿ, ಎರಡು ಗುಂಡಿ ಒತ್ತಿದ. ಲ್ಯಾಪ್‌ಟಾಪಿನಿಂದ ನನ್ನ ದನಿ ಬಂತು: "ಅಮ್ಮಾ, ಊಟಕ್ಕೆ ಕಾಯಬೇಡ, ಬರೋದು ಲೇಟಾಗುತ್ತೆ." ಆಮೇಲೆ ನಕ್ಕಿತು. ನನ್ನ ನಗುವೇ.

ಸುತ್ತ ವೈರು ಸುತ್ತುತ್ತಿದ್ದ ಹುಡುಗಿಯರೆಲ್ಲ ಕೈ ನಿಲ್ಲಿಸಿದರು.

"ಅಳಿಸಿಹಾಕು," ಅಂತ ಟೈಪ್ ಮಾಡಿದೆ.

"ಯಾಕ್ ಮೇಡಂ? ನಿಮ್ಗೇ ಒಳ್ಳೇದಲ್ವಾ? ಇನ್ಮೇಲೆ ನಿಮ್ ಗಂಟಲಿಗೆ ಏನೂ ಟೆನ್ಷನ್ ಇಲ್ಲ." ಅವನ ಮುಖದಲ್ಲಿ ಕುಹಕವಿರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಟೀಚರ್ ಹತ್ತಿರ ಹೋದೆ. ಅವರು ಕೀಬೋರ್ಡಿಗೆ ಕವರ್ ಹಾಕುತ್ತ, ನನ್ನ ಫೋನಿನ ಕಡೆ ನೋಡದೆಯೇ ಅಂದರು: "ನಿಂಗೆ ಸ್ವರ ಹಿಡಿಯೋದು ಕಲಿಸಿದ್ದು ಯಾರು? ಹಾಡು ಕಟ್ಟಿದ್ದು ಯಾರು? ಆ ದನಿ ನಿನ್ನೊಬ್ಬಳದ್ದಲ್ಲ ಕಣೇ, ತಂಡದ್ದು. ಸೀಸನ್ ಮುಗೀಲಿ, ಮಾತಾಡೋಣ."

ಗಂಟಲಿದ್ದರೆ ಅವತ್ತು ಜಗಳವಾಡುತ್ತಿದ್ದೆ. ಟೈಪ್ ಮಾಡಿ ಜಗಳವಾಡಲು ಆಗುವುದಿಲ್ಲ. ಅಕ್ಷರ ಹುಡುಕುವುದರೊಳಗೆ ಎದುರಿನವರು ಬೆನ್ನು ತಿರುಗಿಸಿರುತ್ತಾರೆ.

ಮುಂದಿನ ಕಾರ್ಯಕ್ರಮ ಹಳೇಬೀಡಿನಲ್ಲಿ. ಸುತ್ತಲಿನ ಊರುಗಳ ಮಹಿಳಾ ಸಂಘಗಳೆಲ್ಲ ಸೇರುವ ಸಮಾವೇಶ, ಮಧ್ಯಾಹ್ನ ಊಟವಾದ ಮೇಲೆ ನಮ್ಮ ಹಾಡು. ಉಳಿದವರು ಸಾಮಾನಿನ ಜೊತೆ ಟೆಂಪೋದಲ್ಲಿ ಹೊರಟರು. ನಾನು ಬಸ್ಸಿಗೆ ಬರುತ್ತೇನೆ ಅಂತ ಬರೆದು ತೋರಿಸಿದೆ. ಹಾರನಹಳ್ಳಿಯಲ್ಲಿ ಎರಡನೇ ಗಾಯಕಿ ಹತ್ತಿ, ನನ್ನನ್ನು ನೋಡಿ, ಒಂದು ಗಳಿಗೆ ತಡೆದು, ಪಕ್ಕಕ್ಕೆ ಬಂದು ಕೂತಳು.

ಬಸ್ಸು ಜಾವಗಲ್ ದಾಟಿತು. ಅವಳು ಕಿಟಕಿ ಕಡೆ ನೋಡುತ್ತಲೇ ಅಂದಳು: "ಟೀಚರ್ ಹೇಳಿದ್ರು ಅಂತ ಹಾಡ್ದೆ ಅಕ್ಕ. ನಿಮಗೆ ಗೊತ್ತೈತೆ ಅಂದ್ಕೊಂಡಿದ್ದೆ."

"ಕೇಳಿದಾಗ ಏನನ್ನಿಸಿತು?" ಅಂತ ಟೈಪ್ ಮಾಡಿದೆ.

"ಮೊದ್ಲು ಖುಷಿ ಆಯ್ತು. ನಂಗೂ ಹಿಂಗೆ ಹಾಡಾಕೆ ಬತ್ತದಲ್ಲ ಅಂತ." ಈಗ ನನ್ನ ಕಡೆ ತಿರುಗಿದಳು. "ಆಮೇಲೆ ನನ್ನ ದನಿ ಎಲ್ಲೈತೆ ಅಂತ ಹುಡುಕ್ದೆ. ಎಲ್ಲೂ ಇಲ್ಲ ಅಕ್ಕ. ನಾನು ನಾಕು ದಿನ ನಿಂತ್ಕೊಂಡು ಹಾಡಿವ್ನಿ, ಅದ್ರಾಗೆ ನಾನು ಒಂಚೂರೂ ಇಲ್ಲ."

ಆಮೇಲೆ ಅವಳು ಹೇಳಿದ್ದು ನನಗೆ ಗೊತ್ತಿರಲಿಲ್ಲ. ರಾಜ್ಯೋತ್ಸವಕ್ಕೆ ಟೀಚರ್ ಒಂದೇ ಸಂಜೆ ಎರಡು ಕಡೆ ಕಾರ್ಯಕ್ರಮ ಒಪ್ಪಿಕೊಂಡಿದ್ದರು, ಗೆಂಡೆಹಳ್ಳಿಯಲ್ಲಿ ಒಂದು, ಅರಸೀಕೆರೆಯಲ್ಲಿ ಒಂದು. ಗೆಂಡೆಹಳ್ಳಿಗೆ ನನ್ನ ಎತ್ತರದ, ಮೇಕಪ್ ಮಾಡಿದರೆ ನನ್ನ ಹಾಗೇ ಕಾಣುವ ಬೇರೊಬ್ಬ ಹುಡುಗಿ ನಿಲ್ಲುವವಳಿದ್ದಳು. ಸೀರೆಯನ್ನೂ ನನ್ನದರಂಥದ್ದೇ ತಂದಾಗಿತ್ತು.

"ಅದ್ಕೂ ನಾನೇ ಹಾಡ್ಬೇಕಂತೆ. ಬ್ಯಾಡ ಅಂದ್ರೆ ಬೇರೆ ಯಾರಾದ್ರೂ ಹಾಡ್ತಾರೆ ಅಂದ್ರು. ಯಾರು ಹಾಡಿದ್ರೂ ನೀವೇ ಆಗ್ತದಂತಲ್ಲ."

ಹೊರಗೆ ತೆಂಗಿನ ತೋಟಗಳು ಹಿಂದಕ್ಕೆ ಹೋಗುತ್ತಿದ್ದವು. ಡಾಕ್ಟರಮ್ಮ ಹೇಳಿದ ಅಪಾಯ ನನ್ನ ಗಂಟಲಿನೊಳಗಿತ್ತು, ಅದಕ್ಕೊಂದು ಗಾತ್ರವಿತ್ತು, ಪರದೆಯ ಮೇಲೆ ಕಾಣುತ್ತಿತ್ತು. ಈ ಇನ್ನೊಂದು ಅಪಾಯ ಎಲ್ಲಿದೆ, ಎಷ್ಟಿದೆ ಅಂತ ತೋರಿಸುವ ಕ್ಯಾಮೆರಾ ಯಾವುದೂ ಇರಲಿಲ್ಲ. ಹಳೇಬೀಡಿನ ಕೆರೆ ಏರಿ ಕಾಣಿಸುವ ಹೊತ್ತಿಗೆ ಟೈಪ್ ಮಾಡಿ ಅವಳಿಗೆ ತೋರಿಸಿದೆ: "ಇವತ್ತು ನೀನು ಹಾಡ್ತೀಯಾ?"

"ಯಾವ ದನೀಲಿ?"

"ನಿನ್ನದರಲ್ಲಿ."

ಅವಳು ಬ್ಯಾಗನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡಳು.

ಶಾಲಾ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಕೆಂಪು, ಹಸಿರು ಸೀರೆಯುಟ್ಟ ಹೆಂಗಸರು, ಮಡಿಲಲ್ಲಿ ಮಕ್ಕಳು, ಎಲೆ ಅಡಿಕೆ. ಭಾಷಣ ಕೇಳಿ ಸುಸ್ತಾಗಿ ನಮಗಾಗಿ ಕಾಯುತ್ತಿದ್ದರು. ಸೌಂಡ್ ಚೆಕ್ ಎಂದಿನಂತೆ ನಡೆಯಿತು. ಬೇಡ ಅಂತ ಟೀಚರಿಗೆ ಇನ್ನೊಮ್ಮೆ ಬರೆದು ತೋರಿಸಿದೆ. ಅವರು ನನ್ನ ಸೆರಗು ಸರಿಮಾಡಿ, "ಹೋಗು, ನಿಂತ್ಕೋ," ಅಂದರು.

ನಮ್ಮ ಸ್ವಂತ ಹಾಡಿನಿಂದಲೇ ಆರಂಭ. ಬಿಜಿಎಂ ಮುಗಿಯುತ್ತ ಬಂತು. ಪಲ್ಲವಿಗೆ ಮುಂಚಿನ ಆ ಸಣ್ಣ ಬಿಡುವಿನಲ್ಲಿ ನನ್ನ ಮೈಕನ್ನು ಸ್ಟೇಜಿನ ಮೇಲೆ ಇಟ್ಟೆ. ಎಡಗಡೆಗೆ ನಡೆದು, ಎರಡನೇ ಗಾಯಕಿಯ ಭುಜ ಹಿಡಿದು ಅವಳನ್ನು ಮೈಕಿನ ಸಮೇತ ನಡುವಿಗೆ ತಂದೆ, ನಾನು ಅವಳ ಜಾಗದಲ್ಲಿ ನಿಂತೆ.

ಟ್ರ್ಯಾಕ್ ನಿಲ್ಲಲಿಲ್ಲ. ನನ್ನ ದನಿ ಹಾಡತೊಡಗಿತು.

ವೇದಿಕೆಯ ಮೇಲೆ ಐದು ಜನ ಹೆಂಗಸರು. ಐವರ ಬಾಯಿಯೂ ಮುಚ್ಚಿತ್ತು. ಹಾಡು ಮಾತ್ರ ಸಾಗುತ್ತಿತ್ತು. ಪಲ್ಲವಿ ಒಂದು ಸಲ ಮುಗಿದು ಎರಡನೇ ಸಲಕ್ಕೆ ಬಂತು. ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಎಲೆ ಅಗಿಯುವುದನ್ನು ನಿಲ್ಲಿಸಿ ನನ್ನ ಬಾಯಿ ನೋಡಿದಳು, ಆಮೇಲೆ ಸ್ಪೀಕರಿನ ಕಂಬದ ಕಡೆ ನೋಡಿದಳು. "ಯಾರೇ ಹಾಡ್ತಿರೋದು?" ಅಂತ ಪಕ್ಕದವಳನ್ನು ಕೇಳಿದ್ದು ನನಗೆ ಕೇಳಿಸಿತು. ಒಂದು ಮಗು ಅಳತೊಡಗಿತು. ಮಿಕ್ಸರಿನ ಹಿಂದಿದ್ದವನು ಏನು ಮಾಡಬೇಕೆಂದು ತೋಚದೆ ಟೀಚರನ್ನೇ ನೋಡುತ್ತಿದ್ದ. ಟೀಚರ್ ನನ್ನನ್ನು ನೋಡುತ್ತಿದ್ದರು. ಅಷ್ಟು ವರ್ಷದಲ್ಲಿ ಅವರ ಕೈ ಕೀಬೋರ್ಡಿನ ಮೇಲೆ ಸುಮ್ಮನೆ ಬಿದ್ದಿದ್ದನ್ನು ನಾನು ಕಂಡಿರಲಿಲ್ಲ.

ನಡುವೆ ನಿಂತವಳು ಬಾಯಿ ತೆರೆದಳು. ಮೊದಲು ದನಿ ಹೊರಬರಲಿಲ್ಲ. ಬಂದಾಗ ಅದು ನನ್ನ ದನಿಯ ಜೊತೆಗೇ, ಅರ್ಧ ಸ್ವರ ತಪ್ಪಿ, ಅಳು ಬೆರೆತ ಹಾಗೆ ಬಂತು. ಎರಡೂ ಒಂದಕ್ಕೊಂದು ಉಜ್ಜಿ ಕರ್ಕಶವಾಯಿತು. ಕೆಲವರು ಕಿವಿ ಮುಚ್ಚಿಕೊಂಡರು. ಅವಳು ನಿಲ್ಲಿಸಲಿಲ್ಲ. ರಿದಮ್ ಪ್ಯಾಡಿನ ಹುಡುಗಿ ಇಯರ್‌ಫೋನ್ ಕಿತ್ತುಹಾಕಿ ಅವಳ ತಾಳಕ್ಕೆ ತಿರುಗಿದಳು. ಆಗ ಟೀಚರ್ ಸೌಂಡಿನವನ ಕಡೆ ಕೈ ಎತ್ತಿ, ಗಾಳಿಯಲ್ಲಿ ಗೀಟು ಎಳೆದರು. ನನ್ನ ದನಿ ಒಂದು ಪದದ ನಡುವೆ ಕತ್ತರಿಸಿಹೋಯಿತು.

ಉಳಿದದ್ದು ಅವಳದು. ತೆಳ್ಳಗಿನ ದನಿ, ಸಾಲಿನ ಕೊನೆಯಲ್ಲಿ ಸೋಬಾನೆ ಹೇಳುವವರ ಹಾಗೆ ಸಣ್ಣಗೆ ಮೇಲಕ್ಕೆ ತಿರುಗುತ್ತಿತ್ತು. ಹೂವು ಬಂದಲ್ಲೆಲ್ಲ ಊವು ಅಂದಳು. ಮೇಲಿನ ಗಾಂಧಾರ ಅವಳಿಗೂ ಪೂರ್ತಿ ಸಿಗಲಿಲ್ಲ. ಸಾಲುಗಳ ನಡುವೆ ಅವಳು ಉಸಿರೆಳೆದುಕೊಳ್ಳುವುದು ಕೊನೆಯ ಸಾಲಿನವರೆಗೂ ಕೇಳಿಸುವಷ್ಟು ಜೋರಾಗಿತ್ತು. ಅರ್ಧಕ್ಕೆ ಎದ್ದು ಬಸ್ಸಿಗೆ ಹೋದವರು ಬಹಳ ಮಂದಿ. ಕೂತವರು ಕಡೆತನಕ ಕೂತರು. ಆ ಅಜ್ಜಿ ಎರಡನೇ ಹಾಡಿಗೆ ಮತ್ತೆ ಎಲೆ ಅಗಿಯತೊಡಗಿದಳು.

ಸಮಾವೇಶದವರು ಟೀಚರನ್ನು ಪಕ್ಕಕ್ಕೆ ಕರೆದು ಬೈದರು. ಟೀಚರ್ ನನ್ನನ್ನು ಬೈಯಲಿಲ್ಲ. ಟೆಂಪೋ ಹತ್ತುವಾಗ ನನ್ನ ಕಡೆ ತಿರುಗಿ, ಮೆಲ್ಲಗೆ, "ನೀನು ನಿನ್ನ ದನಿ ಉಳಿಸ್ಕೊಂಡೆ. ನಾನು ಕಟ್ಟಿದ್ದನ್ನ ನೀನೇ ಬೀಳಿಸ್ದೆ," ಅಂದರು. ಅವರು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ನಾನು ದನಿ ಉಳಿಸಿಕೊಂಡಿದ್ದೇನೆಯೇ ಅನ್ನುವುದು ಮಾತ್ರ ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ತಂಡ ಆ ರಾಜ್ಯೋತ್ಸವದ ಹೊತ್ತಿಗೇ ಒಡೆಯಿತು. ಗುಳ್ಳೆ ಔಷಧಿಗೆ ಕುಗ್ಗಲಿಲ್ಲ, ಡಾಕ್ಟರಮ್ಮ ಆಪರೇಷನ್ ಮಾಡಿ ತೆಗೆದರು. ಮತ್ತೆ ವಾರಗಟ್ಟಲೆ ಮೌನ. ಆ ನಡುವೆ ಸೌಂಡಿನವನು ಮೆಸೇಜ್ ಕಳಿಸಿದ: "ಡಿಲೀಟ್ ಮಾಡಿದೀನಿ ಮೇಡಂ. ಬೇಜಾರ್ ಮಾಡ್ಕೋಬೇಡಿ." ಮಾಡಿರಬಹುದು. ಅದಕ್ಕೆ ಮೊದಲು ಯಾರಿಗೆ ಕೊಟ್ಟಿದ್ದ ಅಂತ ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ. ಇನ್ನೊಂದು ದಿನ ಎರಡನೇ ಗಾಯಕಿ ಫೋನ್ ಮಾಡಿ, ನಾನು ಮಾತಾಡಲಾರೆ ಅಂತ ಗೊತ್ತಿದ್ದೂ, ಒಬ್ಬಳೇ ಹೇಳಿಕೊಂಡು ಹೋದಳು. ಅವಳ ಚಿಕ್ಕಮ್ಮನ ಊರಿನ ಮದುವೆ ಮನೆಯಲ್ಲಿ ನನ್ನ ದನಿಯಲ್ಲಿರುವ ಹೊಸ ಹಾಡೊಂದನ್ನು ಹಾಕಿದ್ದರಂತೆ. "ನಾನ್ ಹಾಡಿದ್ದಲ್ಲ ಅಕ್ಕ ಅದು. ಬೇರೆ ಯಾರೋ ಹಾಡವ್ರೆ ಒಳಗೆ."

ಮಾತಾಡಬಹುದು ಅಂತ ಡಾಕ್ಟರಮ್ಮ ಅಪ್ಪಣೆ ಕೊಟ್ಟರು. ಮೊದಲು ಒಂದೊಂದೇ ಮಾತು, ಮೆಲ್ಲಗೆ, ಆದರೆ ಪಿಸುಗುಟ್ಟದೆ. ಅವರ ಎದುರಿಗೇ "ಅ" ಅಂದೆ. ಬಂದದ್ದು ತಗ್ಗಿನ, ಮರಳು ಹತ್ತಿದಂಥ ದನಿ. "ಸ್ವಲ್ಪ ಏರುತ್ತೆ," ಅಂದರು, "ಮೊದಲಿನಷ್ಟು ಅಂತ ಹೇಳಲ್ಲ." ಅದನ್ನು ಯಾರಿಗೂ ಕೇಳಿಸದೆ ಗಂಟಲಲ್ಲೇ ಇಟ್ಟುಕೊಂಡು ಅರಸೀಕೆರೆಗೆ ಬಂದೆ. ಅಮ್ಮನ ಮುಂದೆ ಮೊದಲು ಆಡಬೇಕು ಅಂತಿತ್ತು.

ಚಪ್ಪಲಿ ಬಿಟ್ಟು ನಡುಮನೆಗೆ ಬಂದಾಗ ಅಮ್ಮ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಾನು ಬಂದದ್ದು ಅವಳಿಗೆ ಗೊತ್ತಾಗಿರಲಿಲ್ಲ. ಅಷ್ಟರಲ್ಲಿ ಬೀದಿಯಲ್ಲಿ ಪ್ರಚಾರದ ವ್ಯಾನೊಂದು ನಿಧಾನಕ್ಕೆ ಬಂತು. ಯಾವುದೋ ಸೀರೆ ಮಾರಾಟದ ಮೇಳ. ಮೇಲೆ ಕಟ್ಟಿದ್ದ ಮೈಕಿನಿಂದ ನನ್ನ ದನಿ ಕೂಗುತ್ತಿತ್ತು: "ಬನ್ನಿ, ಬೇಗ ಬನ್ನಿ, ಅಮ್ಮನನ್ನೂ ಕರ್ಕೊಂಡು ಬನ್ನಿ!"

"ಬಂದೇ ಕಣೇ, ಇರು," ಅಂತ ಅಮ್ಮ ಹಿತ್ತಲಿನಿಂದ ಕೂಗಿದಳು. "ಮಾತಾಡಬಹುದು ಅಂದ್ರಾ ಡಾಕ್ಟ್ರು? ಬಂದೆ ಬಂದೆ." ಪಾತ್ರೆಯನ್ನು ಕೆಳಗೆ ಹಾಕಿದ ಸದ್ದು, ಎದ್ದು ಬರುವ ಬಳೆಯ ಸದ್ದು. ಒದ್ದೆ ಕೈಯಲ್ಲೇ, ಮುಖದ ತುಂಬ ನಗುವಿಟ್ಟುಕೊಂಡು, ನಡುಮನೆ ದಾಟಿ ಬೀದಿ ಬಾಗಿಲಿನ ಕಡೆ ಹೊರಟಳು. ಗೋಡೆಗೆ ಒರಗಿ ನಿಂತಿದ್ದ ನನ್ನನ್ನು ಅವಳು ನೋಡಲೇ ಇಲ್ಲ.

"ಅಮ್ಮಾ," ಅಂದೆ. "ನಾನು ಇಲ್ಲಿದೀನಿ."

ಅವಳು ಬೆಚ್ಚಿ ತಿರುಗಿದಳು. ಮನೆಯೊಳಗೆ ಯಾರೋ ಹೊರಗಿನವರು ಬಂದಿದ್ದಾರೆ ಅನ್ನುವ ಹಾಗೆ ಒಂದು ಹೆಜ್ಜೆ ಹಿಂದೆ ಸರಿದಳು. ನಗು ಇನ್ನೂ ಮುಖದಲ್ಲೇ ಇತ್ತು, ಎಲ್ಲಿ ಇಳಿಯಬೇಕೆಂದು ತಿಳಿಯದೆ. ಹೊರಗೆ ನನ್ನ ದನಿ ಬನ್ನಿ ಬನ್ನಿ ಅನ್ನುತ್ತಲೇ ಇತ್ತು. ಅಮ್ಮ ಬಾಗಿಲಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ಇನ್ನೊಂದ್ ಸಲ ಅನ್ನು," ಅಂದಳು.

"ಅಮ್ಮಾ."

ಅವಳು ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಬೀದಿ ಬಾಗಿಲು ಹಾಕಿದಳು, ಚಿಲಕವನ್ನೂ ಹಾಕಿದಳು. ಸದ್ದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ವಾಪಸು ಬಂದು ನನ್ನೆದುರು ನೆಲದ ಮೇಲೆ ಕೂತು, ಕಿವಿಯ ಹಿಂದೆ ಕೂದಲು ಸರಿಸಿಕೊಂಡಳು.

"ಹೂಂ, ಮಾತಾಡು," ಅಂದಳು. "ಏನಾದ್ರೂ ಸರಿ, ಮಾತಾಡ್ತಾ ಇರು. ಇದನ್ನ ನಾನು ಗುರ್ತು ಮಾಡ್ಕೋಬೇಕು."